ಐದು ಸೊನ್ನೆ ಅಳಿಸಿದ ರಾತ್ರಿ

ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದಲ್ಲಿದೆ. ಕೊನೆ ಭಾಗ ಅಂದರೆ ಏನು ಅಂತ ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿಯಲ್ಲಿ 124.80 ಅಡಿ ತುಂಬಿ, ಟಿವಿಯಲ್ಲಿ ಬಾಗಿನ ಬಿಡುವುದನ್ನು ತೋರಿಸಿ, ಮೇಲಿನವರ ನಾಟಿಯೆಲ್ಲ ಮುಗಿದ ಮೇಲೆ ನಮ್ಮ ಕಾಲುವೆಗೆ ನೀರು ನೆನಪಾಗುತ್ತದೆ. ಅದೂ ಕಟ್ಟು ಪದ್ಧತಿ. ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ನಮ್ಮ ಸರದಿ ಮಾತ್ರ ಯಾವಾಗಲೂ ಸರಿರಾತ್ರಿಗೇ ಬರುತ್ತದೆ.

ಇಂಥ ಮನೆಯ ನಡುಮನೆಯಲ್ಲಿ ಕೂತು ನಾನು ಕ್ಲೌಡ್ ಸರ್ವರ್, ಅಂದರೆ ದೂರದಲ್ಲೆಲ್ಲೋ ಇರುವ ಬಾಡಿಗೆ ಕಂಪ್ಯೂಟರ್, ನೋಡಿಕೊಳ್ಳುತ್ತೇನೆ. ಕ್ಲೌಡ್ ಅಂದರೆ ಮೋಡ ಅಂತ ಅಪ್ಪನಿಗೆ ಹೇಳಿದ್ದೇ ನನ್ನ ಮೊದಲ ತಪ್ಪು. "ಮೋಡ ನಿನ್ ಕೈಲೈತೆ ಅನ್ನು. ಒಸಿ ಮಳೆ ಉಯ್ಸ್ಲಾ ಮತ್ತೆ" ಅಂದ.

ಆಮೇಲೆ ಗದ್ದೆ ಲೆಕ್ಕದಲ್ಲಿ ಹೇಳಿ ನೋಡಿದೆ. ಬಾಡಿಗೆಗೆ ತಗೊಂಡ ಇಡೀ ನೆಟ್‌ವರ್ಕ್ ಒಂದು ಹೊಲ. ನನ್ನದು 10.0.0.0 ಸ್ಲ್ಯಾಶ್ 16. ಅಂದರೆ 65,536 ಐಪಿ ವಿಳಾಸ, ಒಂದೊಂದು ಯಂತ್ರಕ್ಕೆ ಒಂದೊಂದು ಮನೆ ನಂಬರ್ ಇದ್ದ ಹಾಗೆ. ಅದನ್ನು ಬದು ಹಾಕಿ ಸಣ್ಣ ಸಣ್ಣ ಪಾತಿ ಮಾಡಿದರೆ ಅದೇ ಸಬ್‌ನೆಟ್. ಸ್ಲ್ಯಾಶ್ 24ರ ಒಂದು ಪಾತಿಯಲ್ಲಿ 256 ವಿಳಾಸ. ಅದರಲ್ಲಿ 5 ಕ್ಲೌಡ್‌ನವರೇ ಇಟ್ಟುಕೊಳ್ಳುತ್ತಾರೆ, ನಮಗೆ ಉಳಿಯೋದು 251.

ಅಪ್ಪ ಅಷ್ಟೂ ಹೊತ್ತು ಹೂಂಗುಟ್ಟುತ್ತಿದ್ದವನು ಅಲ್ಲಿ ಮಾತ್ರ ಎದ್ದು ಕೂತ. "ಆ ಐದು ಯಾಕ್ಲಾ ಅವರ್ಗೆ? ಪಹಣಿ ತಗ್ಸಿ ನೋಡ್ದಾ?"

ವಿಷಯಕ್ಕೆ ಬರುತ್ತೇನೆ. ಆಷಾಢ ಮುಗಿಯುವುದರಲ್ಲಿತ್ತು. ನನ್ನ ಗಿರಾಕಿಯೊಬ್ಬರದು ಮದುವೆ ಛತ್ರ, ಬುಕಿಂಗ್ ಎಲ್ಲ ಆನ್‌ಲೈನ್. ಶ್ರಾವಣ ಬರುವುದರೊಳಗೆ ಬುಕಿಂಗ್ ಲೆಕ್ಕವೆಲ್ಲ ಇರುವ ಅವರ ಡೇಟಾಬೇಸನ್ನು ಭದ್ರ ಮಾಡೋಣ ಅಂತ ನನಗೆ ಹುಕಿ ಬಂತು. ಡೇಟಾಬೇಸ್ ಇರುವ ಸಬ್‌ನೆಟ್‌ಗೆ ಹೊರಗಿನ ಇಂಟರ್ನೆಟ್ ದಾರಿ ಇರಬಾರದು. ದಾರಿ ಬರೆದಿರೋದು ರೂಟ್ ಟೇಬಲ್‌ನಲ್ಲಿ. ಒಳಗಿನ ವಿಳಾಸಕ್ಕೆ ಹೋಗುವವರು ಒಳಗೇ ಹೋಗಿ, ಉಳಿದವರೆಲ್ಲ, ಅಂದರೆ 0.0.0.0 ಸ್ಲ್ಯಾಶ್ 0, ಹೊರಬಾಗಿಲಾದ ಇಂಟರ್ನೆಟ್ ಗೇಟ್‌ವೇ ಕಡೆ ಹೋಗಿ. ಎರಡೇ ಸಾಲು. ರಾತ್ರಿ ಊಟ ಆದಮೇಲೆ ಆ ಎರಡನೇ ಸಾಲನ್ನು ಅಳಿಸಿ ಸೇವ್ ಒತ್ತಿದೆ. ಐದು ಸೊನ್ನೆ ಹೋದವು. ಸೊನ್ನೆ ತಾನೇ, ಏನು ಮಹಾ ನಷ್ಟ!

ಹತ್ತು ನಿಮಿಷಕ್ಕೆ ಛತ್ರದ ಯಜಮಾನರ ಫೋನ್. "ಏನ್ ಸಾರ್, ವೆಬ್‌ಸೈಟು ಬರೀ ಸುತ್ತುತಾ ಐತೆ?"

ತೆರೆದು ನೋಡಿದೆ. ಸುತ್ತುತ್ತಿತ್ತು. ಸರ್ವರ್‌ಗೆ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದಲೇ ಸರ್ವರ್ ಒಳಗೆ ಹೊಕ್ಕು ಕೆಲಸ ಮಾಡುವ ದಾರಿ) ಹೋಗಲು ನೋಡಿದೆ, ಅದೂ ಉಸಿರಿಲ್ಲದೆ ನಿಂತಿತು. ಸರ್ವರ್ ಬಯ್ದು ಕಳಿಸಿದರೆ ಆ ಮಾತು ಬೇರೆ, ಕಾರಣ ಗೊತ್ತಾಗುತ್ತದೆ. ದಾರಿ ಇಲ್ಲದಿದ್ದರೆ ಬೈಗುಳವೂ ವಾಪಸ್ ಬರೋದಿಲ್ಲ. ಸುಮ್ನೆ ಕಾಯಬೇಕು, ಟೈಮ್‌ಔಟ್ ಅನ್ನುವ ತನಕ.

ಆಗ ನಾನು ಮಾಡಿದ ಕೆಲಸಗಳನ್ನು ಹೇಳಲು ನಾಚಿಕೆಯಾಗುತ್ತದೆ. ಮನೆಯ ವೈಫೈ ಡಬ್ಬ ಆಫ್ ಮಾಡಿ ಆನ್ ಮಾಡಿದೆ. ಮೊಬೈಲ್ ಹಿಡಿದು ಮಾಳಿಗೆ ಹತ್ತಿದೆ. ಕೇಬಲ್ ಹುಡುಗನಿಗೆ ಫೋನ್ ಮಾಡಿ ಜಗಳ ಆಡಿದೆ. ಚೆನ್ನಾಗಿ ನಡೆಯುತ್ತಿದ್ದ ಸರ್ವರನ್ನು ಎರಡು ಸಲ ರೀಬೂಟ್ ಮಾಡಿದೆ. ಬೇಡದವರನ್ನು ತಡೆಯುವ ಫೈರ್‌ವಾಲ್ ಅಡ್ಡ ಬಂದಿರಬಹುದು ಅಂತ ಎಲ್ಲ ಪೋರ್ಟನ್ನೂ, ಅಂದರೆ ಒಳಬರುವ ಎಲ್ಲ ಬಾಗಿಲನ್ನೂ, ಎಲ್ಲರಿಗೂ ತೆರೆದಿಟ್ಟೆ. ಭದ್ರತೆಗೆ ಅಂತ ಕೂತವನು ಊರಬಾಗಿಲನ್ನೇ ಕಿತ್ತು ಪಕ್ಕಕ್ಕಿಟ್ಟ ಹಾಗಾಯಿತು.

ಆ ಹೊತ್ತಿಗೆ ಗದ್ದೆಗೆ ನೀರು ಕಟ್ಟಲು ಹೋಗಿದ್ದ ಅಪ್ಪನ ದನಿ ದೂರದಿಂದಲೇ ಕೇಳಿಸಿತು. ನೀರು ಬಂದಿಲ್ಲ. ಮೇಲಿನ ಗದ್ದೆ ದೊಡ್ಡಪ್ಪ ಗಂಡಿ ಮುಚ್ಚವ್ನೆ ಅಂತ ಅವರ ಮೂರು ತಲೆಮಾರನ್ನು ಬಯ್ಯುತ್ತಾ ಬಂದ. ಟಾರ್ಚಿನ ಸೆಲ್ಲು ಮುಗಿದಿತ್ತು, ನನ್ನ ಮೊಬೈಲ್ ಬೇಕಿತ್ತು. ಛತ್ರದವರ ಫೋನ್ ತಪ್ಪಿಸಿಕೊಳ್ಳಲು ನನಗೂ ಅದೇ ಬೇಕಿತ್ತು. ಇಬ್ಬರೂ ಹೊರಟೆವು.

ಅಪ್ಪ ಗದ್ದೆಯಲ್ಲಿ ನಿಲ್ಲಲೇ ಇಲ್ಲ. ಕಾಲುವೆ ಹಿಡಿದು ಮೇಲಕ್ಕೆ ನಡೆದ. ಪ್ರತಿ ಕವಲಿನಲ್ಲೂ ಬಗ್ಗಿ ನೋಡುತ್ತಿದ್ದ, ಬಯ್ಗುಳ ಮಾತ್ರ ನಿಂತಿರಲಿಲ್ಲ. ಮೂರನೇ ಕವಲಲ್ಲಿ ಮಣ್ಣು ತುಂಬಿದ ಗೊಬ್ಬರದ ಚೀಲ ಅಡ್ಡ ಇತ್ತು. ಅಪ್ಪ ಅದನ್ನು ನೋಡಿ ತಟ್ಟನೆ ಸುಮ್ಮನಾದ. ಚೀಲ ನಮ್ಮದೇ. ಹಿಂದಿನ ಕಟ್ಟಿನಲ್ಲಿ ನೀರನ್ನು ಕಬ್ಬಿಗೆ ತಿರುಗಿಸಲು ಅಪ್ಪನೇ ಇಟ್ಟು ಮರೆತಿದ್ದ.

"ದೊಡ್ಡಪ್ಪನ್ ತಾವ ಏಳ್ಬ್ಯಾಡ" ಅಂದ.

ಹೇಳಲಿಲ್ಲ. ನನಗೂ ನನ್ನ ಚೀಲ ನೆನಪಾಗಿತ್ತು. ಮನೆಗೆ ಓಡಿ ಬಂದು ಬ್ರೌಸರ್‌ನಲ್ಲಿ ಕ್ಲೌಡ್ ಅಕೌಂಟ್ ತೆರೆದೆ. ಸರ್ವರ್ ಬಾಗಿಲು ಮುಚ್ಚಿದರೂ ಅಕೌಂಟಿನ ಬಾಗಿಲು ಬೇರೆ, ಪುಣ್ಯ. ನಾನು ಕೈಯಾಡಿಸಿದ್ದು ಮೇನ್ ರೂಟ್ ಟೇಬಲ್. ತನಗೆ ಅಂತ ಟೇಬಲ್ ಕಟ್ಟಿಕೊಳ್ಳದ ಸಬ್‌ನೆಟ್‌ಗಳೆಲ್ಲ ಅದರ ಕೆಳಗೇ ಇರುತ್ತವೆ. ಡೇಟಾಬೇಸ್‌ಗೂ ಕಟ್ಟಿರಲಿಲ್ಲ, ವೆಬ್‌ಗೂ ಕಟ್ಟಿರಲಿಲ್ಲ. ಒಂದು ಪಾತಿ ಒಣಗಿಸಲು ಹೋಗಿ ಇಡೀ ಹೊಲದ ತೂಬು ಮುಚ್ಚಿದ್ದೆ. ಒಳಗಿನ ದಾರಿಯ ಸಾಲನ್ನು ಮಾತ್ರ ಯಾರೂ ಅಳಿಸುವಂತಿಲ್ಲ. ಹಾಗಾಗಿ ವೆಬ್ಬೂ ಡೇಟಾಬೇಸೂ ಒಳಗೊಳಗೇ ಕಷ್ಟಸುಖ ಮಾತಾಡಿಕೊಂಡು ಆರಾಮಾಗಿದ್ದವು. ಹೊರಗೆ ಒದ್ದಾಡುತ್ತಿದ್ದದ್ದು ನಾನೊಬ್ಬನೇ.

ಐದು ಸೊನ್ನೆ ವಾಪಸ್ ಬರೆದೆ. ಡೇಟಾಬೇಸ್‌ಗೆ ಬೇರೆ ಟೇಬಲ್ ಮಾಡಿ ಕಟ್ಟಿದೆ. ಸೈಟು ಬಂತು. ಕಿತ್ತಿಟ್ಟ ಊರಬಾಗಿಲನ್ನು ಮತ್ತೆ ಕೂರಿಸುವ ಹೊತ್ತಿಗೆ ಕೋಳಿ ಕೂಗುತ್ತಿತ್ತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು ಅಲ್ವಾ? ಡೇಟಾಬೇಸ್‌ಗೆ ಅಪ್‌ಡೇಟ್ ತರಿಸಲು ಒಮ್ಮುಖದ ದಾರಿ ಬೇಕು. ಅದಕ್ಕೆ ನ್ಯಾಟ್ ಗೇಟ್‌ವೇ. ಅದನ್ನು ಹೊರದಾರಿ ಇರುವ ಸಬ್‌ನೆಟ್‌ನಲ್ಲಿ ಇಡಬೇಕು. ನಾನು ಡೇಟಾಬೇಸ್ ಪಕ್ಕದಲ್ಲೇ ಇಟ್ಟೆ, ಹೊರದಾರಿ ಇಲ್ಲದ ಕಡೆ. ಬತ್ತಿದ ಬಾವಿಗೆ ಮೋಟರ್ ಇಳಿಬಿಟ್ಟ ಹಾಗೆ. ಎರಡು ದಿನ ಬಿಟ್ಟು ಸರಿಯಾದ ಕಡೆ ಇನ್ನೊಂದು ಹಾಕಿದೆ, ಹಳೆಯದನ್ನು ತೆಗೆಯಲು ಮರೆತೆ. ಒಂದು ತೊಟ್ಟು ಹರಿಸದಿದ್ದರೂ ಗಂಟೆ ಲೆಕ್ಕದಲ್ಲಿ ಬಾಡಿಗೆ ಓಡುತ್ತದೆ. ಹರಿಸಿದರೆ ಜಿಬಿ ಲೆಕ್ಕದಲ್ಲಿ ಬೇರೆ. ತಿಂಗಳ ಬಿಲ್ ನೋಡಿ ನನ್ನ ಮುಖ ಇಳಿದಿದ್ದು ಕಂಡು ಅವ್ವ ಕೇಳಿದಳು, "ಯಾಕಪ್ಪಾ, ಏನಾಯ್ತು?" ಅಪ್ಪನೇ ಉತ್ತರ ಕೊಟ್ಟ. "ನೀರ್ಕಂದಾಯ ಬಂದದೆ ಕಣಮ್ಮಿ ಅವನ್ಗೆ."

ಅಪ್ಪನಿಗೆ ಕೊನೆಗೂ ನನ್ನ ಕೆಲಸ ಅರ್ಥವಾಯಿತು. ಟೀ ಅಂಗಡಿಯಲ್ಲಿ ಈಗ ಮಗ ಮೋಡದ ಕಂಪನಿ ಅನ್ನುವುದಿಲ್ಲ. ನೀರುಗಂಟಿ ಕೆಲಸ, ಕಂಪ್ಯೂಟರ್ನಾಗೆ, ಅನ್ನುತ್ತಾನೆ. ಇಷ್ಟು ವರ್ಷದಲ್ಲಿ ನನ್ನ ಕೆಲಸವನ್ನು ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ತೊಂದರೆ ಶುರುವಾಗಿದ್ದು ಮುಂದಿನ ಕಟ್ಟಿನಲ್ಲಿ. ಬೆಳಗ್ಗೆ ಆರಕ್ಕೇ ಮೇಲಿನ ಗದ್ದೆ ದೊಡ್ಡಪ್ಪ ಬಂದು ಜಗಲಿ ಮೇಲೆ ಕೂತರು. ಕೈಯಲ್ಲಿ ಒಂದು ಬಾಳೆಗೊನೆ. "ನಾಲೆ ನೀರೆಲ್ಲ ಈಗ ನಿನ್ ಕೈಲೇ ಐತಂತಲ್ಲಪ್ಪ. ನಮ್ ಗದ್ದೆ ಕಡೀಕೂ ಒಸಿ ಒತ್ತು."