ಪಾಠ ಸೊಸೆಗೆ, ಸಂತೆ ಚೀಲ ಮಾವನ ಕೈಲಿ

ನಮ್ಮ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಪೌಷ್ಟಿಕ ಆಹಾರದ ಜಾಗೃತಿ ಕಾರ್ಯಕ್ರಮ ಅಂದರೆ ಸಾಮಾನ್ಯವಾಗಿ ಹೀಗಿರುತ್ತದೆ. ಅಂಗನವಾಡಿ ಗೋಡೆಗೆ ಒಂದು ಬ್ಯಾನರ್. ಜಮಖಾನದ ಮೇಲೆ ಬಸುರಿಯರು, ಬಾಣಂತಿಯರು. ಸಂಸ್ಥೆಯವರು ಒಂದು ಚಾರ್ಟ್ ತೂಗುಹಾಕುತ್ತಾರೆ. ಅದರಲ್ಲಿ ಸೇಬು, ಬಾದಾಮಿ, ಕ್ಯಾರೆಟ್, ಒಂದು ಲೋಟ ಹಾಲು. ಅರ್ಧ ತಾಸು ಭಾಷಣ, ಕೈಗೊಂದು ಬಾಳೆಹಣ್ಣು, ಹಾಜರಿ ಪುಸ್ತಕದಲ್ಲಿ ಸಹಿ, ಗುಂಪು ಫೋಟೋ. ಮುಗೀತು.

ಆ ಜಮಖಾನದ ಮೇಲೆ ಕೂತವರಲ್ಲಿ ಎಷ್ಟು ಜನ ಇವತ್ತಿನ ಅಡುಗೆ ಏನು ಅಂತ ತಾವೇ ತೀರ್ಮಾನ ಮಾಡುತ್ತಾರೆ? ಸಂತೆ ಮಾಡೋದು ಮಾವ, ಇಲ್ಲವೇ ಗಂಡ. ಕಾಳಿನ ಡಬ್ಬಿ, ಎಣ್ಣೆ ಡಬ್ಬಿ ಅತ್ತೆಯ ಹಿಡಿತದಲ್ಲಿ. ರೊಟ್ಟಿ ಬಡಿಯುವವಳು ಸೊಸೆ, ಎಲ್ಲರದೂ ಆದ ಮೇಲೆ ಉಣ್ಣುವವಳೂ ಅವಳೇ. ಅಷ್ಟೊತ್ತಿಗೆ ಪಲ್ಯದ ಬೋಗುಣಿ ಬಳಿದುಹೋಗಿರುತ್ತದೆ. ಉಳಿದದ್ದು ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ). ಇಂಥವಳ ಮುಂದೆ ನಿಂತು ದಿನಾ ಬಾದಾಮಿ ತಿನ್ನಮ್ಮ ಅಂದರೆ ಅವಳು ತಲೆ ಅಲ್ಲಾಡಿಸಿ ಎದ್ದು ಹೋಗುತ್ತಾಳೆ, ಇನ್ನೇನು ಮಾಡ್ಯಾಳು?

ಸಮಸ್ಯೆ ಸಣ್ಣದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ (2019-21) ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8ರಷ್ಟು ಜನಕ್ಕೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ಮೂವರು ಮಕ್ಕಳಲ್ಲಿ ಇಬ್ಬರು ಅಂದಂಗಾಯ್ತು.

ಮನೆಯೊಳಗಿನ ಈ ಹಂಚಿಕೆ ಸರ್ಕಾರಕ್ಕೂ ಗೊತ್ತಿದೆ. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದದ್ದರ ಹಿಂದೆ ಈ ಲೆಕ್ಕವೂ ಇತ್ತು. ಬಸುರಿಗೆ ಅಂತ ಮನೆಗೆ ಕೊಟ್ಟ ಕಾಳುಕಡಿ ಮನೆ ಮಂದಿಗೆಲ್ಲ ಹಂಚಿಹೋಗುತ್ತದೆ, ಅದಕ್ಕೇ ಅಂಗನವಾಡಿಗೇ ಬಂದು ಬಿಸಿಯೂಟ ಉಣ್ಣಲಿ ಅಂತ. ಯೋಚನೆ ಸರಿಯೇ. ಆದರೆ ಹೊಲದ ಕೆಲಸ ಬಿಟ್ಟು ಮಧ್ಯಾಹ್ನ ಅಷ್ಟು ದೂರ ನಡೆದು ಬರೋದು ಎಲ್ಲರಿಗೂ ಆಗಬೇಕಲ್ಲ. ಅದೂ ಅಲ್ಲದೆ ರಾತ್ರಿ ಊಟ ಮನೆಯಲ್ಲೇ ಅಲ್ವಾ?

ಇಂಡಿ ಕಡೆ ಒಂದು ಸಂಸ್ಥೆಯವರು ಬೇರೆ ದಾರಿ ಹಿಡಿದದ್ದು ನೋಡಿದೆ. ಸಂತೆ ದಿನ ಬೇವಿನ ಮರದ ಕಟ್ಟೆಗೇ ಬಂದಿದ್ದರು. ಚಾರ್ಟ್ ಇಲ್ಲ, ಮೈಕ್ ಇಲ್ಲ. ಪಾಠ ಹೇಳುವ ಹೆಣ್ಣುಮಗಳು ಕಟ್ಟೆ ಮೇಲೆ ಕೂತ ಹಿರಿಯರೊಬ್ಬರ ಸಂತೆ ಚೀಲವನ್ನೇ ಇಸಕೊಂಡು ಒಂದೊಂದೇ ಹೊರಗೆ ತೆಗೆದಿಟ್ಟಳು. ಬದನೆಕಾಯಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಒಂದು ಕಟ್ಟು ಮೆಂತ್ಯ, ಮಡಕಿ ಕಾಳು, ಚಾ ಪುಡಿ, ಮೊಮ್ಮಕ್ಕಳಿಗೆ ಬಿಸ್ಕೀಟು. ‘ಭಾಳ ಚಲೋ ಸಂತಿ ಮಾಡೀರಿ ಯಜಮಾನ್ರ, ಲಿಂಬಿಹಣ್ಣು ಎಲ್ಲಿ?’ ಅಂದಳು. ಎಲ್ಲರೂ ನಕ್ಕರು. ಲಿಂಬೆ ತೋಟದ ಊರಲ್ಲಿ ಲಿಂಬೆಹಣ್ಣು ಯಾರು ಕೊಳ್ಳುತ್ತಾರೆ! ಸರಿ, ಮನೆಯಲ್ಲಿ ಇದೆಯಲ್ಲ, ಊಟದ ತಾಟಿಗೆ ಬರುತ್ತದಾ ಅಂದಾಗ ನಗು ಸ್ವಲ್ಪ ಕಡಿಮೆ ಆಯ್ತು. 2023ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕ ಇಂಡಿ ಲಿಂಬೆ ಚೀಲಗಟ್ಟಲೆ ಮಾರುಕಟ್ಟೆಗೆ ಹೋಗುತ್ತದೆ. ಮನೆಯಲ್ಲಿ ಉಪ್ಪಿನಕಾಯಿಗೆ ಬಿಟ್ಟರೆ ಅಷ್ಟಕ್ಕಷ್ಟೇ.

ಆಮೇಲೆ ಅವಳು ಹೇಳಿದ ವಿಷಯ ಸರಳ. ಜೋಳ, ಕಾಳು, ಸೊಪ್ಪಿನಲ್ಲಿ ರಕ್ತಕ್ಕೆ ಬೇಕಾದ ಕಬ್ಬಿಣದ ಅಂಶ ಇದೆ, ಆದರೆ ಅದು ಮೈಗೆ ಹತ್ತೋದು ಕಡಿಮೆ. ಜೊತೆಗೆ ಸಿ ವಿಟಮಿನ್ ಇದ್ದರೆ ಜಾಸ್ತಿ ಹತ್ತುತ್ತದೆ. ಅದಕ್ಕೆ ಮಡಕಿ ಕಾಳು ನೆನೆಹಾಕಿ ಮೊಳಕೆ ಬರಿಸಿ ಪಲ್ಯ ಮಾಡಿ, ಒಲೆಯಿಂದ ಇಳಿಸಿದ ಮೇಲೆ ಲಿಂಬೆ ಹಿಂಡಬೇಕು. ಕುದಿಯುವಾಗ ಹಿಂಡಿದರೆ ಆ ವಿಟಮಿನ್ ಬಿಸಿಗೆ ಹಾಳಾಗುತ್ತದೆ. ಇನ್ನು ಚಹಾದಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶ ಕಬ್ಬಿಣವನ್ನು ಮೈಗೆ ಸರಿಯಾಗಿ ಹತ್ತಗೊಡೋದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಇದೇ ಮಾತಿದೆ: ಊಟಕ್ಕೆ ಒಂದು ಗಂಟೆ ಮೊದಲು, ಊಟದ ನಂತರ ಒಂದು ಗಂಟೆ ಚಹಾ, ಕಾಫಿ ಬೇಡ.

‘ಚಾ ಬಿಟ್ರ ತಲಿ ಹಿಡೀತದ್ರಿ’ ಅಂತ ಒಬ್ಬರು ತಕರಾರು ತೆಗೆದರು. ‘ಬಿಡ್ರಿ ಅಂದವ್ರು ಯಾರು? ಕೈ ತೊಳ್ಕೊಂಡ ಕೂಡ್ಲೆ ಚಾ ಇಡು ಅಂತ ಸ್ವಸಿಗೆ ಹೇಳಬ್ಯಾಡ್ರಿ. ನೀವು ಕುಡಿದ್ರ ಆಕಿನೂ ಕುಡೀತಾಳ’ ಅಂದಳು. ನನಗೆ ಇಡೀ ಕಾರ್ಯಕ್ರಮದಲ್ಲಿ ಹಿಡಿಸಿದ್ದು ಈ ಮಾತು. ಬೈಗುಳ ಇಲ್ಲ, ಖರ್ಚೂ ಇಲ್ಲ, ಹೇಳಬೇಕಾದವರಿಗೇ ಹೇಳಿದಂತಾಯ್ತು.

ಇಲ್ಲಿ ಒಂದು ಅಡ್ಡ ಮಾತು. 2023 ಸಿರಿಧಾನ್ಯ ವರ್ಷ ಅಂತ ಆಚರಿಸಿದಾಗ ವೇದಿಕೆ ಮೇಲೆ ಬಿಳಿಜೋಳವನ್ನು ಹೊಗಳಿದ್ದೇ ಹೊಗಳಿದ್ದು. ರೊಟ್ಟಿ ಒಳ್ಳೆಯದು, ಯಾರು ಇಲ್ಲ ಅಂದರು? ಅನ್ನಕ್ಕಿಂತ ನಾರು ಜಾಸ್ತಿ. ಆದರೆ ಬೆಳಗ್ಗೆ ಎದ್ದು ಬೆಂಕಿ ಮುಂದೆ ಕೂತು ಮನೆ ಮಂದಿಗೆಲ್ಲ ರೊಟ್ಟಿ ಬಡಿಯುವವರ ರಟ್ಟೆ ಕೇಳಿ. ರೇಷನ್ ಅಕ್ಕಿ ಕುಕ್ಕರಿಗೆ ಹಾಕಿದರೆ ಹತ್ತು ಹದಿನೈದು ನಿಮಿಷ. ಅನ್ನ ಮಾಡಿದ ಸೊಸೆಯನ್ನು ಸೋಮಾರಿ ಅನ್ನುವ ಭಾಷಣಕಾರರು ಮೊದಲು ತಾವೇ ಹಿಟ್ಟು ನಾದಿ ಎರಡು ರೊಟ್ಟಿ ಬಡಿದು ತೋರಿಸಲಿ.

ಚೀಲದಲ್ಲಿದ್ದ ಬಿಸ್ಕೀಟಿನ ಬಗ್ಗೆಯೂ ಹೇಳಬೇಕು. ಪ್ಯಾಕೆಟ್ ಹಿಂದೆ ಏನೇನು ಹಾಕಿದ್ದಾರೆ ಅಂತ ಬರೆದಿರುತ್ತಾರಲ್ಲ, ಅದು ಸುಮ್ನೆ ಬರೆದ ಪಟ್ಟಿಯಲ್ಲ. ತೂಕದಲ್ಲಿ ಯಾವುದು ಜಾಸ್ತಿಯೋ ಅದು ಮೊದಲು ಬರಬೇಕು ಅಂತ ನಿಯಮವೇ ಇದೆ. ಮೊದಲು ಮೈದಾ, ಆಮೇಲೆ ಸಕ್ಕರೆ ಅಂತ ಇದ್ದರೆ ಮಗು ಬೆಳಗ್ಗೆ ಚಹಾದಲ್ಲಿ ಅದ್ದಿ ತಿಂದದ್ದು ಏನು ಅಂತ ತಿಳಿಯಿತಲ್ಲ. ಆ ಹೆಣ್ಣುಮಗಳು ಇದನ್ನೂ ಚೆನ್ನಾಗಿ ವಿವರಿಸಿದಳು. ಆದರೆ ಪ್ಯಾಕೆಟ್ ಕೈಗೆ ತೆಗೆದುಕೊಂಡ ಯಜಮಾನರು ಹಿಂದೆ ಮುಂದೆ ತಿರುವಿ ನೋಡಿ ವಾಪಸ್ ಕೊಟ್ಟರು. ಬರೆದಿದ್ದೆಲ್ಲ ಇಂಗ್ಲಿಷ್‌ನಲ್ಲಿ, ಅದೂ ಇರುವೆ ಸಾಲಿನಂಥ ಅಕ್ಷರದಲ್ಲಿ. ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿದ್ದರೆ ನಿಯಮಕ್ಕೆ ಸಾಕು, ಕನ್ನಡ ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ಓದೋಕೇ ಬಾರದ ಭಾಷೆಯಲ್ಲಿ ಬರೆದು ಜನ ತಿಳಿದು ತಿನ್ನಲಿ ಅನ್ನೋದು ಯಾವ ನ್ಯಾಯ? ಜಾಗೃತಿ ಸಂಸ್ಥೆಗಳು ಇದನ್ನೊಂದು ಬೇಡಿಕೆಯಾಗಿ ಎತ್ತಿಕೊಂಡರೆ ಹತ್ತು ಚಾರ್ಟಿಗಿಂತ ಹೆಚ್ಚು ಉಪಯೋಗ.

ಕಟ್ಟೆ ಕಾರ್ಯಕ್ರಮ ಮುಗಿದ ಮೇಲೆ, ಇದನ್ನು ಪ್ರತಿ ಸಂತೆಯಲ್ಲೂ ಮಾಡಬಹುದಲ್ಲ ಅಂತ ಸಂಸ್ಥೆಯವರನ್ನು ಕೇಳಿದೆ. ಹಣ ಕೊಡುವವರ ನಮೂನೆಯಲ್ಲಿ ಫಲಾನುಭವಿ ಅಂದರೆ 15ರಿಂದ 49 ವರ್ಷದ ಮಹಿಳೆ ಮತ್ತು ಐದು ವರ್ಷದೊಳಗಿನ ಮಕ್ಕಳು ಮಾತ್ರವಂತೆ. ಹಾಜರಿ ಪುಸ್ತಕದಲ್ಲಿ ಅವರ ಸಹಿ ಇದ್ದರಷ್ಟೇ ಲೆಕ್ಕ. ಕಾಳಿನ ಡಬ್ಬಿ ಹಿಡಿದ ಐವತ್ತೆರಡರ ಅತ್ತೆ ಲೆಕ್ಕಕ್ಕಿಲ್ಲ. ಸಂತೆ ಮಾಡುವ ಗಂಡಸರಂತೂ ಇಲ್ಲವೇ ಇಲ್ಲ. ಸಂತೆ ದಿನದ ಈ ಕೆಲಸವನ್ನು ಅವರು ವರದಿಯಲ್ಲಿ ‘ಇತರೆ’ ಅಂತ ಒಂದು ಸಾಲಿನಲ್ಲಿ ಹಾಕುತ್ತಾರಂತೆ, ಚಾ-ನಾಷ್ಟಾ ಖರ್ಚಿನ ಜೊತೆಗೆ.