ಹತ್ತು ಲಕ್ಷ ಮೂಗು ಬೇಕಾಗಿವೆ

ಬೆಂಗಳೂರಿಗೆ ಗುಳೆ ಹೋಗಿರುವ ರಾಯಚೂರಿನ ಜನರೇ, ದಯವಿಟ್ಟು ಎಲ್ಲರೂ ವಾಪಸ್ ಬನ್ನಿ. ಬರುವಾಗ ನೆಂಟರನ್ನೂ ಕರೆತನ್ನಿ. 2011ರ ಗಣತಿಯಲ್ಲಿ ನಮ್ಮ ನಗರ ಎರಡೂವರೆ ಲಕ್ಷವನ್ನೂ ಮುಟ್ಟಿರಲಿಲ್ಲ. ಹತ್ತು ಲಕ್ಷ ಆಗದೆ, ವಿದ್ಯುತ್ ಸ್ಥಾವರದ ಹೊಗೆ ಕುಡಿಯುವ ನಮ್ಮ ಮೂಗು ದಿಲ್ಲಿಯ ಲೆಕ್ಕಕ್ಕೆ ಬರುವುದಿಲ್ಲವಂತೆ.

ಸುಮ್ನೆ ಹೇಳುತ್ತಿಲ್ಲ. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳು ಗಂಧಕದ ಹೊಗೆ ತಗ್ಗಿಸಬೇಕು, ಎರಡು ವರ್ಷ ಟೈಮ್ ಅಂತ ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್‌ನಲ್ಲಿ ಆದೇಶ ಮಾಡಿತು. 2017 ಬಂದಾಗ 2022 ಅಂದರು, ಆಮೇಲೆ 2024, ಆಮೇಲೆ 2026, ಆಮೇಲೆ ಕೆಲವರಿಗೆ 2029. ನಮ್ಮ ಕಡೆ ಸಾಲ ಮಾಡಿದವರು "ಹತ್ತಿ ಬಂದ ಮೇಲೆ ಕೊಡ್ತೀನಿ" ಅನ್ನುತ್ತಾರಲ್ಲ, ಹಾಗೆ. ಕೊನೆಗೆ 2025ರ ಜುಲೈನಲ್ಲಿ ಹೆಚ್ಚಿನವರ ಸಾಲವೇ ಮನ್ನಾ.

ಎಫ್‌ಜಿಡಿ ಅನ್ನುವ ಗಂಧಕ ತೆಗೆಯುವ ಯಂತ್ರ ಈಗ ಕಡ್ಡಾಯ ಇರುವುದು ದಿಲ್ಲಿ ಸುತ್ತಮುತ್ತ ಮತ್ತು ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರಿನ 10 ಕಿಲೋಮೀಟರ್ ಒಳಗೆ. ಗಾಳಿ ಪೂರಾ ಕೆಟ್ಟ ಊರುಗಳಿದ್ದರೆ ನೋಡೋಣ ಅಂದಿದ್ದಾರೆ. ಉಳಿದವರು ಚಿಮಣಿ ಎತ್ತರದ ಲೆಕ್ಕ ಸರಿ ಇಟ್ಟುಕೊಂಡರೆ ಸಾಕು. ಕಲ್ಲಿದ್ದಲು ಸ್ಥಾವರಗಳು ನಮ್ಮ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್, ಯರಮರಸ್‌ನಲ್ಲಿ 1,600, ಬಳ್ಳಾರಿಯ ಕುಡತಿನಿಯಲ್ಲಿ 1,700. ಕರೆಂಟು ಬೆಂಗಳೂರಿಗೂ ಹೋಗುತ್ತದೆ, ಅಲ್ಲಿ ಜನಕ್ಕೇನೂ ಬರ ಇಲ್ಲ, ಆದರೆ ಕಲ್ಲಿದ್ದಲಿನ ಸ್ಥಾವರ ಇಲ್ಲ. ಚಿಮಣಿ ಇರುವಲ್ಲಿ ಮೂಗು ಸಾಲದು, ಮೂಗು ಇರುವಲ್ಲಿ ಚಿಮಣಿಯೇ ಇಲ್ಲ.

ಕೋರ್ಟಿಗೆ ಹೋಗೋಣ ಅಂತೀರಾ? ಹೋಗಿ. ಆದರೆ ಅಲ್ಲಿ ಕಟಕಟೆಯಲ್ಲಿ ನಿಲ್ಲುವುದು ಹೊಗೆ ಅಲ್ಲ, ಫೈಲು. ತೀರ್ಮಾನ ಒಳ್ಳೆಯದೋ ಕೆಟ್ಟದ್ದೋ ಅಂತ ಅಲ್ಲ, ತೀರ್ಮಾನಕ್ಕೆ ಬಂದ ದಾರಿ ನೆಟ್ಟಗಿದೆಯಾ ಅಂತ ನ್ಯಾಯಾಧೀಶರು ನೋಡುತ್ತಾರೆ. 2014ರಲ್ಲಿ ಸುಪ್ರೀಂ ಕೋರ್ಟ್ 204 ಕಲ್ಲಿದ್ದಲು ಗಣಿಗಳ ಹಂಚಿಕೆಯನ್ನು ರದ್ದು ಮಾಡಿತಲ್ವಾ, 1993ರಿಂದ ಹಂಚುತ್ತಾ ಬಂದದ್ದು, ಇವರಿಗೇ ಯಾಕೆ ಕೊಟ್ಟಿರಿ ಅಂದರೆ ಗಣಿ ಹಂಚಿದ ಕಮಿಟಿಯ ಕಾಗದದಲ್ಲಿ ಸರಿಯಾದ ಉತ್ತರವೇ ಇರಲಿಲ್ಲ. ಆ ಏಟಿನಿಂದ ಕಚೇರಿಗಳು ಪಾಠ ಕಲಿತವು. ಹಂಚುವುದು ಸರಿ ಇರಬೇಕು ಅಂತಲ್ಲ, ಕಾರಣ ಬರೆದಿಡಬೇಕು ಅಂತ!

ಎಫ್‌ಜಿಡಿ ಮನ್ನಾಕ್ಕೆ ಈಗ ಕಾರಣ ದಂಡಿಯಾಗಿದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಗಂಧಕವೇ ಕಡಿಮೆ, ತಜ್ಞರು ಹೇಳಿದ್ದಾರೆ. 2015ರಲ್ಲಿ ಸುಟ್ಟದ್ದೂ ಇದೇ ಕಲ್ಲಿದ್ದಲು ಅಲ್ವಾ ಅಂತ ಕೇಳಬೇಡಿ, ಆಗ ಫೈಲು ಬೇರೆ. ಒಂದು ವೇಳೆ ಕೋರ್ಟ್ "ಮತ್ತೆ ಯೋಚಿಸಿ" ಅಂತ ವಾಪಸ್ ಕಳಿಸಿದರೂ ಕಚೇರಿ ವಿಧೇಯವಾಗಿ ಮತ್ತೆ ಯೋಚಿಸುತ್ತದೆ, ಅದೇ ತೀರ್ಮಾನಕ್ಕೆ ನಲವತ್ತು ಪುಟ ಜಾಸ್ತಿ ಸೇರಿಸಿ ಕಳಿಸುತ್ತದೆ.

ಇದನ್ನೆಲ್ಲ ಚಹಾ ಅಂಗಡಿಯಲ್ಲಿ ಒಬ್ಬ ಹಿರಿಯರಿಗೆ ವಿವರಿಸಿದೆ. ಅವರು ಬೀಡಿ ಆರಿಸಿ ಕೇಳಿದರು, "ಚಿಮಣಿ ಎತ್ತರ ಮಾಡಿದ್ರ ಹೊಗಿ ಎಲ್ಲಿಗೆ ಹೋಗ್ತದ?"

"ದೂರ ಹೋಗ್ತದ ಅಜ್ಜಾ."

"ದೂರ ಅಂದ್ರ? ದೇವದುರ್ಗಕ್ಕ? ಅಲ್ಲಿ ಹತ್ತು ಲಕ್ಷ ಮಂದಿ ಅದಾರೇನು?"