ಬಾಗೇಪಲ್ಲಿಯ ಒಲೆ, ಯುಟ್ರೆಕ್ಟಿನ ಲೆಕ್ಕ

ನೆದರ್‌ಲೆಂಡ್ಸ್ ದೇಶದ ಯುಟ್ರೆಕ್ಟ್ ನಗರದಲ್ಲಿ ನಾನು ಕೆಲಸ ಮಾಡುವ ಸಂಸ್ಥೆ, ಕಂಪನಿಗಳಿಗೆ ಮತ್ತು ಬ್ಯಾಂಕುಗಳಿಗೆ ಅವುಗಳ ಇಂಗಾಲದ ಲೆಕ್ಕ ಹಾಕಿಕೊಡುತ್ತದೆ. ಒಂದು ಕಾರ್ಖಾನೆ ಸುಡುವ ಡೀಸೆಲ್ ಎಷ್ಟು, ಕೊಳ್ಳುವ ವಿದ್ಯುತ್ ಎಷ್ಟು, ಅದಕ್ಕೆ ಸಾಮಗ್ರಿ ಒದಗಿಸುವವರಿಂದ ಹಿಡಿದು ಅದರ ಸರಕನ್ನು ಬಳಸುವವರ ತನಕ ಗಾಳಿಗೆ ಸೇರುವ ಹಸಿರುಮನೆ ಅನಿಲ ಎಷ್ಟು ಎಂಬುದನ್ನು ಟನ್ನುಗಳಲ್ಲಿ ಅಳೆದು, ಅದನ್ನು ತಗ್ಗಿಸುವ ದಾರಿ ಸೂಚಿಸುವುದು ನಮ್ಮ ಕಸುಬು. 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ನಂತರ ಈ ಕೆಲಸಕ್ಕೆ ಬೇಡಿಕೆ ಏರುತ್ತಲೇ ಇದೆ. ಭಾರತದಲ್ಲಿಯೂ ಷೇರು ವ್ಯವಹಾರದ ನಿಯಂತ್ರಕ ಸಂಸ್ಥೆಯಾದ ಸೆಬಿ 2022-23ರ ಹಣಕಾಸು ವರ್ಷದಿಂದ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳಿಗೆ ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆಯ ವರದಿಯನ್ನು ಕಡ್ಡಾಯಗೊಳಿಸಿದೆ. ಹೀಗೆ ನಮ್ಮ ಸಂಸ್ಥೆಯೂ ಬೆಳೆದು ಬೆಂಗಳೂರಿನಲ್ಲಿ ಮತ್ತು ಅಮೆರಿಕದ ಪೂರ್ವ ಕರಾವಳಿಯಲ್ಲಿ ಕಚೇರಿ ತೆರೆದಿದೆ. ಚಿಂತಾಮಣಿ ಸೀಮೆಯಿಂದ ಬಂದ ನನಗೆ ಎರಡೂ ಕಡೆಯ ಕೆಲಸದ ರೀತಿಯ ಪರಿಚಯವಿದೆ. ಇಲ್ಲಿನ ಕಚೇರಿಯೊಳಗೆ ಕಿರಿಯರ ಮಾತಿಗೆ ಸಿಗುವ ಬೆಲೆಯನ್ನು ನಮ್ಮ ಕಡೆಯವರು ಕಲಿಯಬೇಕು. ಅದೇ ಬೆಲೆಯನ್ನು ಇಂಥ ಸಂಸ್ಥೆಗಳು ತಾವು ಲೆಕ್ಕ ಹಾಕುವ ಊರುಗಳ ಜನರ ಮಾತಿಗೂ ಕೊಡುವ ತನಕ ಅವುಗಳ ಬೆಳವಣಿಗೆಯನ್ನು ನಾನು ಪೂರ್ಣ ಮನಸ್ಸಿನಿಂದ ಮೆಚ್ಚಲಾರೆ.

ಮೊದಲಿಗೆ ಮೆಚ್ಚುಗೆಯ ಮಾತನ್ನೇ ಹೇಳುತ್ತೇನೆ. ನಮ್ಮಲ್ಲಿ ಪ್ರತಿಯೊಂದು ಲೆಕ್ಕದ ಜೊತೆಗೂ ಒಂದು ಊಹೆಗಳ ಪಟ್ಟಿ ಇರುತ್ತದೆ. ಈ ಅಂಕಿ ಎಲ್ಲಿಂದ ಬಂತು, ಯಾರು ತೆಗೆದುಕೊಂಡರು, ಯಾರು ಪರಿಶೀಲಿಸಿದರು ಎಂಬುದನ್ನು ಅದರಲ್ಲಿ ಸಾಲುಸಾಲಾಗಿ ಬರೆಯಬೇಕು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಹುಡುಗಿಯೊಬ್ಬಳು ಯಾವುದಾದರೂ ಸಾಲಿನ ಎದುರು ಆಕ್ಷೇಪ ಬರೆದರೆ, ಅದಕ್ಕೆ ಉತ್ತರ ಬರೆಯುವ ತನಕ ನಿರ್ದೇಶಕರೂ ಆ ವರದಿಯನ್ನು ಹೊರಗೆ ಕಳಿಸುವಂತಿಲ್ಲ. ಸಭೆಯಲ್ಲಿ ಅವಳು ಅವರನ್ನು ಹೆಸರು ಹಿಡಿದೇ ಕರೆದು, ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ ಎಂದು ಹೇಳುತ್ತಾಳೆ, ಅವರು ಅದನ್ನು ಅವಮಾನವೆಂದು ತಿಳಿಯುವುದಿಲ್ಲ. ಊರಿನ ಕಡೆ ನಾನು ಮೊದಲು ಕೆಲಸ ಮಾಡಿದ ಕಚೇರಿಯಲ್ಲಿ ಹಿರಿಯರು ಹಾಕಿದ ಅಂದಾಜಿನ ಮೇಲೆ ಕಿರಿಯರು ಪ್ರಶ್ನೆ ಎತ್ತುವುದೆಂದರೆ ಅದು ಅಧಿಕಪ್ರಸಂಗವೆಂದೇ ಎಲ್ಲರೂ ಭಾವಿಸುತ್ತಿದ್ದರು. ತಪ್ಪು ಕಣ್ಣಿಗೆ ಬಿದ್ದವರು ಅದನ್ನು ಊಟದ ಹೊತ್ತಿನಲ್ಲಿ ತಮ್ಮ ತಮ್ಮಲ್ಲೇ ಆಡಿಕೊಂಡು ಸುಮ್ಮನಾಗುತ್ತಿದ್ದರು, ತಪ್ಪು ಕಡತದಲ್ಲೇ ಉಳಿಯುತ್ತಿತ್ತು. ಹಿರಿಯರಿಗೆ ಗೌರವ ಕೊಡುವ ನಮ್ಮ ನಡವಳಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಟನ್ನುಗಳ ಲೆಕ್ಕ ತಪ್ಪಿದರೆ ಅದರ ಮೇಲೆ ನಿಂತ ನಿರ್ಧಾರವೂ ತಪ್ಪುವ ಕೆಲಸದಲ್ಲಿ, ಗೌರವವನ್ನು ಮೌನದಿಂದ ತೋರಿಸುವ ಅಭ್ಯಾಸಕ್ಕೆ ಜಾಗವಿರಬಾರದು ಎಂದು ದೃಢವಾಗಿ ನಂಬಿದ್ದೇನೆ.

ರಜೆ ಮತ್ತು ಕೆಲಸದ ವೇಳೆಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ವಾರದ ಕೆಲಸದ ಗಂಟೆಗಳ ನಾಲ್ಕು ಪಟ್ಟು ಸಂಬಳದ ರಜೆ ಇಲ್ಲಿ ಕಾನೂನಿನ ಕನಿಷ್ಠ. ವೇಳೆಯನ್ನು ಬದಲಿಸಿಕೊಡಿ ಎಂದು ಕೇಳುವ ಹಕ್ಕನ್ನೂ ಕಾನೂನೇ ಕೊಟ್ಟಿದೆ, ಮತ್ತು ವಾರಕ್ಕೊಂದು ದಿನ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ತಂದೆಯರು ನಮ್ಮ ಕಚೇರಿಯಲ್ಲಿಯೇ ಹಲವರಿದ್ದಾರೆ. ನನ್ನನ್ನು ಚಿಂತೆಗೆ ಹಚ್ಚುವುದು ಈ ಸೌಕರ್ಯ ಸಂಸ್ಥೆ ಬೆಳೆದ ದಿಕ್ಕಿನಲ್ಲೆಲ್ಲ ಜೊತೆಗೆ ಹೋಗದಿರುವುದು. ಮೂರೂ ಕಚೇರಿಗಳು ಸೇರುವ ಸಭೆಯನ್ನು ಅಮೆರಿಕದ ಬೆಳಗಿನ ಹತ್ತು ಗಂಟೆಗೆ ಇಡುತ್ತಾರೆ. ಆಗ ಯುಟ್ರೆಕ್ಟಿನಲ್ಲಿ ಸಂಜೆ ನಾಲ್ಕು, ಬೆಂಗಳೂರಿನಲ್ಲಿ, ಆ ದೇಶಗಳವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆಯಾದರೆ ರಾತ್ರಿ ಏಳೂವರೆ, ಚಳಿಗಾಲವಾದರೆ ಎಂಟೂವರೆ. ಬಂಗಾರಪೇಟೆಯಿಂದ ರೈಲಿನಲ್ಲಿ ಓಡಾಡುವ ನಮ್ಮ ಸಹೋದ್ಯೋಗಿಯೊಬ್ಬರು ಆ ಸಭೆಯಿರುವ ದಿನ ತಾವು ಸದಾ ಹಿಡಿಯುವ ರೈಲನ್ನು ಬಿಟ್ಟುಕೊಡಬೇಕಾಗುತ್ತದೆ. ಆಕ್ಷೇಪ ಎತ್ತುವ ಅವಕಾಶ ಅವರಿಗೂ ಇದೆ ಎಂದು ಇಲ್ಲಿನವರು ಹೇಳುತ್ತಾರೆ, ಅದು ಸತ್ಯವೂ ಹೌದು. ಆದರೆ ಎದುರು ಮಾತಾಡಬಾರದೆಂದು ಮನೆಯಲ್ಲಿ, ಶಾಲೆಯಲ್ಲಿ, ಮೊದಲ ಕೆಲಸದಲ್ಲಿ ಕಲಿತು ಬಂದವರಿಗೆ ಆ ಅವಕಾಶವನ್ನು ಬಳಸುವುದು ಎಷ್ಟು ಕಷ್ಟವೆಂದು ನಾನು ಬಲ್ಲೆ. ಸಭೆಯ ಹೊತ್ತನ್ನು ಸರದಿಯಂತೆ ಬದಲಿಸುವ ಹೊಣೆ ಸಂಸ್ಥೆಯದೇ, ಅದನ್ನು ಕೇಳಿ ಪಡೆಯುವ ಭಾರವನ್ನು ಅವರ ಹೆಗಲಿಗೆ ಹಾಕಬಾರದು.

ಇದಕ್ಕಿಂತಲೂ ಗಂಭೀರವಾದ ವಿಷಯವೆಂದರೆ ಲೆಕ್ಕದ ಒಳಗೆ ಊರು ಹೇಗೆ ಬರುತ್ತದೆ ಎಂಬುದು. ಸೌದೆ ಒಲೆಯ ಬದಲಿಗೆ ಸುಧಾರಿತ ಒಲೆಯನ್ನೋ ಗೋಬರ್ ಗ್ಯಾಸನ್ನೋ ಕೊಟ್ಟರೆ, ಉಳಿದ ಸೌದೆಗೆ ತಕ್ಕಂತೆ ಇಂಗಾಲದ ಕ್ರೆಡಿಟ್, ಅಂದರೆ ಇಷ್ಟು ಟನ್ ಹೊಗೆ ತಗ್ಗಿತೆಂದು ಹೇಳುವ, ಮಾರಬಹುದಾದ ಪತ್ರ ಸಿಗುತ್ತದೆ. ಅದನ್ನು ಹೊರದೇಶದ ಕಂಪನಿಗಳು ತಮ್ಮ ಹೊಗೆಗೆ ಬದಲಾಗಿ ತೋರಿಸಲು ಕೊಳ್ಳುತ್ತವೆ. ನಮ್ಮ ಸೀಮೆಗೆ ಇದು ಹೊಸದಲ್ಲ. ಬಾಗೇಪಲ್ಲಿಯ ಕೂಲಿ ಸಂಘದ ಕುಟುಂಬಗಳಿಗಾಗಿ 5,500 ಗೋಬರ್ ಗ್ಯಾಸ್ ಘಟಕಗಳನ್ನು ಕಟ್ಟುವ ಯೋಜನೆ, ಪ್ಯಾರಿಸ್‌ಗಿಂತ ಹಿಂದಿನ ಕ್ಯೋಟೊ ಹವಾಮಾನ ಒಪ್ಪಂದದಲ್ಲಿ ಇಂಥ ಕ್ರೆಡಿಟ್ ಕೊಡಲು ಮಾಡಿದ್ದ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಡಿ 2005ರಲ್ಲಿಯೇ ನೋಂದಣಿಯಾಯಿತು. ಆಗ ಬಾಗೇಪಲ್ಲಿ ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಎರಡು ಘನ ಮೀಟರಿನ ಒಂದು ಘಟಕಕ್ಕೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು. ಮಳೆ ಕೈಕೊಟ್ಟ ವರ್ಷ ಮೇವಿಲ್ಲದೆ ದನ ಮಾರಿದ ಮನೆಯಲ್ಲಿ ಆ ಘಟಕ ನಿಲ್ಲುತ್ತದೆ. ಊರಿನ ಸಂಘವೇ ಮುಂದೆ ನಿಂತು ನಡೆಸಿದ ಯೋಜನೆಯಲ್ಲಿ ಯಾವ ಮನೆಯ ಒಲೆ ಉರಿಯುತ್ತಿದೆ, ಯಾವುದು ನಿಂತಿದೆ ಎಂದು ತಿಳಿಯಲು ಯಾರೂ ಸಮುದ್ರ ದಾಟಿ ಬರಬೇಕಾಗಿಲ್ಲ. ಈ ಕಾರಣಕ್ಕೆ ಆ ಯೋಜನೆಯ ಬಗ್ಗೆ ನನಗೆ ವಿಶೇಷ ಅಭಿಮಾನವಿದೆ.

ಈಗ ನಮ್ಮ ಮೇಜಿಗೆ ಬರುವ ಒಲೆ ಯೋಜನೆಗಳ ರೀತಿ ಬೇರೆ. ಅವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿಯೆಂದರೆ, ಜನ ಸುಡುವ ಸೌದೆಯಲ್ಲಿ ಮತ್ತೆ ಚಿಗುರಿ ಬೆಳೆಯದ ಸೌದೆಯ ಪಾಲು. ಕಡಿದ ಮರ ಮತ್ತೆ ಬೆಳೆದರೆ ಅದು ಹೊರಬಿಟ್ಟ ಇಂಗಾಲವನ್ನು ಮರಳಿ ಹೀರಿಕೊಳ್ಳುತ್ತದೆ, ಆದ್ದರಿಂದ ಬೆಳೆಯದ ಪಾಲಿಗೆ ಮಾತ್ರ ಕ್ರೆಡಿಟ್ ಸಲ್ಲಬೇಕು. ಈ ಪಾಲನ್ನು ಹೆಚ್ಚಾಗಿ ಹಿಡಿದಷ್ಟೂ ಕ್ರೆಡಿಟ್ ಹೆಚ್ಚು. 2024ರಲ್ಲಿ ‘ನೇಚರ್ ಸಸ್ಟೈನಬಿಲಿಟಿ’ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನವೊಂದು, ತಾವು ಪರಿಶೀಲಿಸಿದ ಒಲೆ ಯೋಜನೆಗಳಲ್ಲಿ ನಿಜವಾದ ಉಳಿತಾಯಕ್ಕಿಂತ ಸುಮಾರು ಒಂಬತ್ತು ಪಟ್ಟು ಹೆಚ್ಚು ಕ್ರೆಡಿಟ್ ಎಣಿಕೆಯಾಗಿದೆ ಎಂದು ಹೇಳಿತು. ಅದಕ್ಕೆ ಅವರು ತೋರಿಸಿದ ಕಾರಣಗಳಲ್ಲಿ ಈ ಪಾಲೂ ಒಂದು.

ದಕ್ಷಿಣ ಭಾರತದ ಒಣ ಜಿಲ್ಲೆಗಳ ಅಂಥ ಒಂದು ಯೋಜನೆ ನಮ್ಮಲ್ಲಿ ಪರಿಶೀಲನೆಗೆ ಬಂದಾಗ, ಕಚೇರಿಯ ಒಳ್ಳೆಯ ಗುಣವೆಲ್ಲ ಕೆಲಸಕ್ಕೆ ಬಂತು. ಕಿರಿಯರು ಆಕ್ಷೇಪ ಬರೆದರು, ಹಿರಿಯರು ಉತ್ತರಿಸಿದರು, ಒಂದು ಕೋಷ್ಟಕದ ಬದಲು ಇನ್ನೊಂದು ಕೋಷ್ಟಕ ಬಂತು. ಆದರೆ ಆ ಜಿಲ್ಲೆಗಳ ಒಲೆಗಳಲ್ಲಿ ಉರಿಯುವುದೇನು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಶಿಡ್ಲಘಟ್ಟದ ಹತ್ತಿರ ರೇಷ್ಮೆ ಸಾಕುವ ನನ್ನ ಅತ್ತೆಗೆ ಫೋನ್ ಮಾಡಿ ಅದನ್ನೇ ಕೇಳಿದೆ. “ಹುಳ ಸೊಪ್ಪು ತಿಂದ್ಮೇಲೆ ಕಡ್ಡಿ ಉಳೀತದಲ್ಲಪ್ಪ, ಅದೇ ಒಲೆಗೆ. ಮಳೆಗಾಲದಾಗೆ ನೆಂದಿದ್ರೆ ಗ್ಯಾಸು. ಕೆರೆಯಾಗೆ ಜಾಲಿ ಕಡ್ಕೊಂಡು ಬರೋರೂ ಇದ್ದಾರೆ, ಕಡಿದಷ್ಟೂ ಬರ್ತದೆ ಅದು” ಎಂದರು. ನೀಲಗಿರಿ ತೋಪಿನ ಒಣ ಎಲೆ, ತೆಂಗಿನ ಗರಿ, ತೊಗರಿ ಕಡ್ಡಿ ಎಂದು ಅವರ ಪಟ್ಟಿ ಬೆಳೆಯುತ್ತಲೇ ಹೋಯಿತು. ಇವೆಲ್ಲ ವರ್ಷವರ್ಷವೂ ಮತ್ತೆ ಬೆಳೆಯುವಂಥವು ಅಥವಾ ಬೇರೆ ಬೆಳೆಯ ಉಳಿಕೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯ ಸಿಲಿಂಡರ್ ಮನೆಗೆ ಬಂದ ಮೇಲೂ ಕಡ್ಡಿಯ ಒಲೆ ಆರಿಲ್ಲ, ಎರಡೂ ಒಟ್ಟಿಗೆ ನಡೆಯುತ್ತಿವೆ. ಹಾಗೆಂದು ಹೊಗೆಯಿಲ್ಲದ ಒಲೆ ಬೇಡವೆಂದು ನಾನು ಹೇಳುವುದಿಲ್ಲ, ಅತ್ತೆಯ ಕಣ್ಣಿಗೂ ಶ್ವಾಸಕೋಶಕ್ಕೂ ಅದು ಬೇಕೇ ಬೇಕು. ಅದರ ಹೆಸರಿನಲ್ಲಿ ಇಲ್ಲದ ಟನ್ನುಗಳನ್ನು ಎಣಿಸಿ, ಅವನ್ನು ಕೊಂಡ ಕಂಪನಿ ತನ್ನ ಹೊಗೆಯನ್ನು ಮುಂದುವರಿಸುವುದು ನನಗೆ ಸಹಿಸಲಾಗದ ಸಂಗತಿ, ಏಕೆಂದರೆ ಬಿಸಿಯಾಗುತ್ತಿರುವ ಜಗತ್ತಿನ ಬರವನ್ನು ಮೊದಲು ಉಣ್ಣುವವರು ವರ್ಷವಿಡೀ ಹರಿಯುವ ನದಿಯೇ ಇಲ್ಲದ ನಮ್ಮಂಥ ಸೀಮೆಯವರು.

ಊರನ್ನು ಮಾತ್ರ ಹೊಗಳಿ ಹೊರನಾಡನ್ನು ತೆಗಳುವುದು ನನ್ನ ಉದ್ದೇಶವಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳ ತೂಬು ಎತ್ತುತ್ತಿದ್ದ ನೀರುಗಂಟಿಗೆ, ಕೆರೆಯಲ್ಲಿ ಇಷ್ಟು ನೀರಿದ್ದರೆ ಅಚ್ಚುಕಟ್ಟಿನ ಎಷ್ಟು ಗದ್ದೆಗೆ ಎಷ್ಟು ದಿನ ಸಾಕು ಎಂಬುದು ಕಣ್ಣಳತೆಯಲ್ಲೇ ಗೊತ್ತಿತ್ತು, ಮತ್ತು ಆ ಮಾತನ್ನು ರೈತರು ನಂಬಿ ಬಿತ್ತುತ್ತಿದ್ದರು. ಸುಗ್ಗಿಯಲ್ಲಿ ಆತನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಆದರೆ ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತರು. ನೀರಿನ ತಿಳಿವಳಿಕೆ ಅವರದಾಗಿದ್ದರೂ ಊರಿನ ಪಂಚಾಯ್ತಿ ಕಟ್ಟೆಯ ಮೇಲೆ ಕೂತು ತೀರ್ಮಾನಿಸುವ ಅಧಿಕಾರ ಅವರಿಗಿರಲಿಲ್ಲ. ಡಚ್ಚರ ನಾಡಿನಲ್ಲಿ ನೀರನ್ನು ನೋಡಿಕೊಳ್ಳಲು ಹದಿಮೂರನೆಯ ಶತಮಾನದಿಂದಲೇ ಜಲಮಂಡಳಿಗಳಿವೆ. ಈಗ ಉಳಿದಿರುವ 21 ಮಂಡಳಿಗಳಿಗೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ, ನನ್ನಂಥ ಪರದೇಶದ ನಿವಾಸಿಗೂ ಕೆಲವು ಷರತ್ತುಗಳ ಮೇಲೆ ಅದರಲ್ಲಿ ಮತ ಹಾಕುವ ಹಕ್ಕಿದೆ. ತಮ್ಮ ಮನೆಯ ಒಡ್ಡಿನ ಎತ್ತರವನ್ನು ತೀರ್ಮಾನಿಸುವಲ್ಲಿ ನೆರೆಹೊರೆಯ ಪ್ರತಿಯೊಬ್ಬರ ಮತವನ್ನೂ ಎಣಿಸುವ ಈ ಜನಕ್ಕೆ, ಚಿಂತಾಮಣಿಯ ಒಲೆಯ ಲೆಕ್ಕಕ್ಕೆ ಚಿಂತಾಮಣಿಯವರ ಮಾತು ಬೇಕೆಂಬುದನ್ನು ಒಪ್ಪಲು ಕಷ್ಟವೇನೂ ಇರಲಾರದು.

ಕಾರ್ಖಾನೆಗಳ ಲೆಕ್ಕದಲ್ಲಿಯೂ ಇದೇ ಕೊರತೆ ಕಾಣುತ್ತದೆ. ಯುರೋಪಿನ ದೊಡ್ಡ ಕಂಪನಿ ತನ್ನ ಸರಬರಾಜುದಾರರ ಹೊಗೆಯನ್ನೂ ಲೆಕ್ಕಕ್ಕೆ ಸೇರಿಸಬೇಕಾದಾಗ, ವೇಮಗಲ್ ಅಥವಾ ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದ ಸಣ್ಣ ಘಟಕದ ಮಾಲೀಕರಿಗೆ ಇಂಗ್ಲಿಷಿನಲ್ಲಿ ಉದ್ದನೆಯ ಪ್ರಶ್ನಾವಳಿ ಬಂದು ಬೀಳುತ್ತದೆ. ಅವರ ಬಳಿ ಬೆಸ್ಕಾಂ ಬಿಲ್ಲಿದೆ, ಜನರೇಟರಿಗೆ ಹಾಕಿಸಿದ ಡೀಸೆಲಿನ ರಸೀತಿಯಿದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಎಂಬಷ್ಟು ತಿಳಿಸಿದರೆ ಲೆಕ್ಕದ ಬಹುಪಾಲನ್ನು ಅವರೇ ಮುಗಿಸಬಲ್ಲರು. ಕನ್ನಡದಲ್ಲಿ ಎರಡು ಪುಟ ಬರೆದು ಕಳಿಸುವ ಬದಲು, ಉತ್ತರ ಬರಲಿಲ್ಲವೆಂದು ಜಾಗತಿಕ ಸರಾಸರಿಯನ್ನು ತುಂಬಿಬಿಡುವುದು ಈ ಕಸುಬಿನಲ್ಲಿ ತೀರಾ ಸಾಮಾನ್ಯವಾಗಿದೆ.

ಆದ್ದರಿಂದ ನಾನು ಸಂಸ್ಥೆಯ ಮುಂದೆ ಇಟ್ಟಿರುವ ಬೇಡಿಕೆ ಸ್ಪಷ್ಟವಾಗಿದೆ. ಊಹೆಗಳ ಪಟ್ಟಿಯಲ್ಲಿ, ಯಾರು ಪರಿಶೀಲಿಸಿದರು ಎಂಬ ಅಂಕಣದ ಪಕ್ಕದಲ್ಲಿ, ಆ ಊರಿನವರು ಯಾರು ನೋಡಿದರು ಎಂಬ ಅಂಕಣವೂ ಇರಬೇಕು. ನೋಡಿದವರಿಗೆ ಸಲಹೆಗಾರರಿಗೆ ಕೊಡುವಂತೆಯೇ ಸಂಭಾವನೆ ಸಲ್ಲಬೇಕು, ಮತ್ತು ಅವರು ಬರೆದ ಅಥವಾ ಹೇಳಿ ಬರೆಸಿದ ಆಕ್ಷೇಪಕ್ಕೂ ಉತ್ತರ ಕೊಡದೆ ವರದಿ ಹೊರಗೆ ಹೋಗಬಾರದು. ಬೆಂಗಳೂರಿನ ಕಚೇರಿಯವರು ಅದನ್ನು ಬೆಂಬಲಿಸಿದ್ದಾರೆ. ಸೌದೆ ಮತ್ತು ಸಗಣಿಯ ಯೋಜನೆಗಳ ಮಟ್ಟಿಗೆ ಅಂಕಣವನ್ನು ಸೇರಿಸಲು ನಿರ್ದೇಶಕರು ಒಪ್ಪಿದ್ದಾರೆ. ಸಂಭಾವನೆಯ ಹಣ ಯಾರು ಕೊಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಗ್ರಾಹಕರು ಒಪ್ಪುವುದಿಲ್ಲವೆಂಬ ಅಳುಕು ನಿರ್ದೇಶಕರಿಗಿದೆ. ವಿಮಾನದ ಟಿಕೆಟಿಗೆ ಮತ್ತು ಹೊರಗಿನ ಲೆಕ್ಕಪರಿಶೋಧಕರಿಗೆ ದರಪಟ್ಟಿಯಲ್ಲಿ ಸಾಲು ಬರೆದಂತೆ ಇದಕ್ಕೂ ಒಂದು ಸಾಲು ಬರೆಯಬೇಕು ಎಂಬುದು ನನ್ನ ವಾದ, ಮುಂದಿನ ಸಭೆಯಲ್ಲಿಯೂ ಅದನ್ನೇ ಹೇಳಲಿದ್ದೇನೆ.